ಕಾಟಾ ದಾಟುವ ಮುಂಚೆ ಒಂದು ಕೆಂಪು ಪಟ್ಟಿ: ಮೂರು ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ.

ಮೊನ್ನೆ ಖಂಡೆ ಪೂಜೆಯ ದಿನ ನಮ್ಮ ಅಂಗಳದಲ್ಲಿ ಟ್ರ್ಯಾಕ್ಟರನ್ನೂ ನನ್ನ ಬೈಕನ್ನೂ ಪಕ್ಕಪಕ್ಕ ನಿಲ್ಲಿಸಿ ತೊಳೆದೆ. ಎರಡಕ್ಕೂ ಚೆಂಡು ಹೂವಿನ ಮಾಲೆ, ಎರಡರ ಗಾಲಿ ಕೆಳಗೂ ನಿಂಬೆಹಣ್ಣು. ಟ್ರ್ಯಾಕ್ಟರ್ ನಮ್ಮ ಮನೆಯ ಅನ್ನ. ಬೈಕು ನನ್ನ ಖುಷಿ. ಮರುದಿನ ಊರವರೆಲ್ಲ ಬನ್ನಿ ಕೊಟ್ಟು "ಬಂಗಾರದಂಗ ಇರೋಣ" ಅಂದುಕೊಂಡೆವು. ಇನ್ನು ಕೆಲವೇ ವಾರಗಳಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಗುತ್ತದೆ. ಆಗ ಅದೇ ಟ್ರ್ಯಾಕ್ಟರ್ ಹಿಂದೆ ಎರಡು ಟ್ರೇಲರ್ ಕಟ್ಟಿಕೊಂಡು ರಾತ್ರಿ ರಸ್ತೆಗೆ ಇಳಿಯುತ್ತದೆ. ಅದೇ ರಸ್ತೆಯಲ್ಲಿ ಬೈಕುಗಳೂ ಬರುತ್ತವೆ. ಎರಡೂ ನನ್ನವೇ. ಅದಕ್ಕೇ ಈ ಪತ್ರ.

ನಾನು ಮುಧೋಳ ತಾಲೂಕಿನ ಕಬ್ಬು ಬೆಳೆಗಾರ. ನಾವು ಏಳು ಜನ ಗೆಳೆಯರು ಹತ್ತು ವರ್ಷದಿಂದ ಒಟ್ಟಿಗೆ ಬೈಕಿನಲ್ಲಿ ಊರೂರು ಸುತ್ತುತ್ತಿದ್ದೇವೆ. ಒಬ್ಬರು ಹೈಸ್ಕೂಲ್ ಮಾಸ್ತರು. ಒಬ್ಬ ಮೆಕ್ಯಾನಿಕ್. ಒಬ್ಬನದು ಕಿರಾಣಿ ಅಂಗಡಿ. ಒಬ್ಬ ಬನಹಟ್ಟಿಯಲ್ಲಿ ಪವರ್‌ಲೂಮ್ ಇಟ್ಟುಕೊಂಡಿದ್ದಾನೆ. ಉಳಿದ ಇಬ್ಬರು ನನ್ನಂತೆ ಒಕ್ಕಲುತನದವರು. ಗೋಕರ್ಣಕ್ಕೆ ಹೋಗಿದ್ದೇವೆ, ಹಂಪಿಗೆ ಹೋಗಿದ್ದೇವೆ, ಮಳೆಗಾಲದಲ್ಲಿ ಬೆಳಗಾವಿ ದಾಟಿ ಅಂಬೋಲಿ ಘಾಟಿನ ಮಂಜಿನಲ್ಲಿ ನೆನೆದು ಬಂದಿದ್ದೇವೆ, ಒಂದು ಸಲ ಕನ್ಯಾಕುಮಾರಿವರೆಗೂ ಹೋಗಿ ಬಂದೆವು. ಎಲ್ಲಿಗೆ ಹೋದರೂ ಆದಷ್ಟು ಹೆದ್ದಾರಿ ಬಿಟ್ಟು ಒಳಗಿನ ರಸ್ತೆ ಹಿಡಿಯುತ್ತೇವೆ. ಹೆದ್ದಾರಿಯಲ್ಲಿ ಊರು ಸಿಗುವುದಿಲ್ಲ, ಬರೀ ಊರಿನ ಹೆಸರಿರುವ ಬೋರ್ಡು ಸಿಗುತ್ತದೆ.

ನಮಗೆ ಎಲ್ಲಕ್ಕಿಂತ ಇಷ್ಟವಾದ ಸವಾರಿ ಮಾತ್ರ ನಮ್ಮ ಸುತ್ತಲಿನದ್ದೇ. ಮುಧೋಳದಿಂದ ಹೊರಟು ಬಾದಾಮಿ, ಪಟ್ಟದಕಲ್ಲು, ಐಹೊಳೆ, ಅಮೀನಗಡ, ಕೂಡಲಸಂಗಮ, ಆಲಮಟ್ಟಿ, ಬಸವನ ಬಾಗೇವಾಡಿ, ವಿಜಯಪುರ, ಅಲ್ಲಿಂದ ಜಮಖಂಡಿ ಮೇಲೆ ವಾಪಸ್. ಸುಮಾರು 350 ಕಿಲೋಮೀಟರ್. ಪುಸ್ತಕದ ಲೆಕ್ಕದಲ್ಲಿ ಒಂದೇ ದಿನದ ದಾರಿ. ನಾವು ಎರಡು ದಿನ ತೆಗೆದುಕೊಳ್ಳುತ್ತೇವೆ. ಯಾಕಂದ್ರೆ ಬನಶಂಕರಿ ಗುಡಿ ಹತ್ತಿರ ಬುಟ್ಟಿಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಗಟ್ಟಿ ಮೊಸರು ಇಟ್ಟುಕೊಂಡು ಕೂತ ಅವ್ವಂದಿರನ್ನು ಬಿಟ್ಟು ಮುಂದೆ ಹೋಗಲಾಗುವುದಿಲ್ಲ. ಪಟ್ಟದಕಲ್ಲಿನಲ್ಲಿ ಮಾಸ್ತರು ಪ್ರತಿ ಸಲ ನಮ್ಮನ್ನು ಹೊಳೆ ದಂಡೆಗೆ ಕರೆದುಕೊಂಡು ಹೋಗಿ ಮಲಪ್ರಭೆ ಇಲ್ಲಿ ಉತ್ತರಕ್ಕೆ ಹರಿಯುತ್ತದೆ, ಅದಕ್ಕೇ ಇದು ಪುಣ್ಯದ ಜಾಗ ಆಯಿತು ಅಂತ ತೋರಿಸುತ್ತಾರೆ. 1987ರಲ್ಲಿ ಈ ಗುಡಿಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದವು ಅನ್ನುವುದನ್ನೂ ಹೇಳದೆ ಬಿಡುವುದಿಲ್ಲ. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಳ್ಳುತ್ತೇವೆ. ಅದೇ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವುದನ್ನು ಸಂಜೆ ಬೆಳಕಿನಲ್ಲಿ ಕೂತು ನೋಡುತ್ತೇವೆ. ಬೆಳಗ್ಗೆ ಒಂದು ನದಿಯ ಜೊತೆ ಹೊರಟು, ಸಂಜೆ ಅದು ಇನ್ನೊಂದು ನದಿಗೆ ಸೇರುವವರೆಗೂ ಜೊತೆಗಿದ್ದೆವು ಅನ್ನಿಸುತ್ತದೆ. ಬೈಕಿನ ಮೇಲೆ ಹೋದವನಿಗೆ ಮಾತ್ರ ಇದು ಗೊತ್ತಾಗುತ್ತದೆ ಅಂತ ನನ್ನ ನಂಬಿಕೆ. ಕಾರಿನ ಗಾಜಿನ ಒಳಗೆ ಹೊಳೆಯ ತಂಪು ಬರುವುದಿಲ್ಲ.

ಜನವರಿಯಲ್ಲಿ ಬಿಳಿಜೋಳ ಹಾಲುಗಟ್ಟಿರುತ್ತದೆ. ಒಮ್ಮೆ ಬಾಗೇವಾಡಿ ಕಡೆ ಒಬ್ಬ ಹಿರಿಯ ರೈತರು ರಸ್ತೆಗೆ ಅಡ್ಡ ಬಂದು ಕೈ ಮಾಡಿ ನಿಲ್ಲಿಸಿದರು. ಏನೋ ತಪ್ಪಾಯಿತು ಅಂದುಕೊಂಡೆವು. "ಸೀತನಿ ಸುಟ್ಟೀವಿ, ತಿಂದು ಹೋಗ್ರಿ" ಅಂದರು. ಏಳು ಜನ ಅಪರಿಚಿತರನ್ನು ಹೊಲಕ್ಕೆ ಕರೆದು, ಎಳೆ ಜೋಳದ ತೆನೆ ಸುಟ್ಟು ಮಾಡಿದ ಬಿಸಿ ಸೀತನಿ ಜೊತೆ ಶೇಂಗಾ ಚಟ್ನಿ, ಬೆಲ್ಲ ಕೊಟ್ಟರು. ಹೆಸರು ಕೇಳಲಿಲ್ಲ, ಜಾತಿ ಕೇಳಲಿಲ್ಲ, ಬೈಕು ಎಷ್ಟು ಕೊಡುತ್ತದೆ ಅಂತ ಮಾತ್ರ ಕೇಳಿದರು. ಇಂಥ ರಸ್ತೆಗಳು ನಮ್ಮವು. ಇವುಗಳ ಮೇಲೆ ನನಗೆ ಪ್ರೀತಿ ಇದೆ. ದೂರು ಹೇಳುವ ಮುಂಚೆ ಇದನ್ನು ಹೇಳಬೇಕಿತ್ತು.

ನಾವು ಹುಚ್ಚಾಪಟ್ಟೆ ಓಡಿಸುವವರಲ್ಲ. ಎಲ್ಲರ ಮುಂದೆ ಮಾಸ್ತರು, ಎಲ್ಲರ ಹಿಂದೆ ಮೆಕ್ಯಾನಿಕ್. ನಡುವಿನವರು ಒಬ್ಬರ ಹಿಂದೆ ಒಬ್ಬರು ನೇರವಾಗಿ ಹೋಗದೆ ಎಡಕ್ಕೊಬ್ಬ ಬಲಕ್ಕೊಬ್ಬ, ಎರಡು ಸೆಕೆಂಡ್ ಅಂತರ. ತಗ್ಗು ಕಂಡರೆ ಕಾಲು ಚಾಚಿ ಹಿಂದಿನವನಿಗೆ ತೋರಿಸಬೇಕು. ಹೆಲ್ಮೆಟ್ಟಿನ ಪಟ್ಟಿ ಬಿಗಿಯದವನ ಬೈಕು ಸ್ಟಾರ್ಟ್ ಆಗಬಾರದು. ಎಲ್ಲರಿಗಿಂತ ನಿಧಾನ ಹೋಗುವವನ ವೇಗವೇ ಎಲ್ಲರ ವೇಗ.

ಇಷ್ಟಾದರೂ, ಕನ್ಯಾಕುಮಾರಿಯಿಂದ ಬರುವಾಗಲೂ ಸರಿ, ವಿಜಯಪುರದಿಂದ ಬರುವಾಗಲೂ ಸರಿ, ನಮಗೆ ಭಯ ಶುರುವಾಗುವುದು ಮನೆಗೆ ಇನ್ನು 40 ಕಿಲೋಮೀಟರ್ ಇದೆ ಅನ್ನುವಾಗ. ಕಬ್ಬಿನ ಸೀಮೆ ಶುರುವಾಗುವುದೇ ಅಲ್ಲಿ.

ಎರಡು ವರ್ಷದ ಹಿಂದೆ, ಜನವರಿಯ ಒಂದು ಭಾನುವಾರ. ಜಮಖಂಡಿ ದಾಟಿದ್ದೆವು. ಸಂಜೆ ಏಳೂಕಾಲು ಇರಬೇಕು. ಎದುರಿಗೆ ಲಾರಿಯೊಂದು ಫುಲ್ ಲೈಟ್ ಹಾಕಿಕೊಂಡು ಬಂತು. ಕಣ್ಣಿಗೆ ಕತ್ತಲೆ ಕವಿಯಿತು. ಲಾರಿ ದಾಟಿದ ಕೂಡಲೇ ಮಾಸ್ತರು ಒಮ್ಮೆಲೇ ಬಲಕ್ಕೆ ಹೊರಳಿದರು. ಎರಡನೆಯವನು ಹೇಗೋ ಪಾರಾದ. ಮೂರನೆಯವನು ನಮ್ಮ ಮಗ್ಗದ ಗೆಳೆಯ. ಅವನಿಗೆ ಜಾಗವೇ ಉಳಿಯಲಿಲ್ಲ. ರಸ್ತೆಯ ಅರ್ಧದಷ್ಟು ಜಾಗದಲ್ಲಿ ಕಬ್ಬು ತುಂಬಿದ ಟ್ರೇಲರ್ ನಿಂತಿತ್ತು. ಅಚ್ಚು ಮುರಿದು ಮುಕ್ಕಾಲು ತಾಸಿನಿಂದ ಅಲ್ಲೇ ನಿಂತಿತ್ತಂತೆ. ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ, ಏನೂ ಇಲ್ಲ. ಹಿಂದೆ ನಾಲ್ಕು ಕಲ್ಲು ಇಟ್ಟಿದ್ದರು. ಮೊದಲು ಕಲ್ಲಿಗೆ ಮುಂದಿನ ಗಾಲಿ ತಾಗಿತು. ಆಮೇಲೆ ಟ್ರೇಲರಿನ ಮೂಲೆಗೆ ಅವನ ತೊಡೆ ಬಡಿಯಿತು.

ಟ್ರ್ಯಾಕ್ಟರಿನ ಡ್ರೈವರ್ ಇಪ್ಪತ್ತು ವರ್ಷದ ಹುಡುಗ. ಓಡಿ ಹೋಗಲಿಲ್ಲ. ತನ್ನ ಟವೆಲ್ ಹರಿದು ಕಾಲಿಗೆ ಕಟ್ಟಿದವನು ಅವನೇ. ಯಾಕಪ್ಪಾ ಲೈಟ್ ಹಾಕಿಲ್ಲ ಅಂತ ನಮ್ಮಲ್ಲೊಬ್ಬ ಕೂಗಾಡಿದ. "ಅಣ್ಣಾ, ಬ್ಯಾಟರಿನೇ ಇಲ್ಲರೀ, ಲೈಟ್ ಹೆಂಗ ಹಚ್ಚಲಿ" ಅಂತ ಅವನು ಅಳುತ್ತಾ ನಿಂತ. ಅವನಿಗೆ ಕೊಡುವುದು ಟ್ರಿಪ್ಪಿನ ಲೆಕ್ಕದಲ್ಲಿ. ಕಡಿದ ಕಬ್ಬು ಒಣಗಿದರೆ ತೂಕವೂ ಕಡಿಮೆ, ಸಕ್ಕರೆಯೂ ಕಡಿಮೆ. ಹಾಗಾಗಿ ಹೊಲದವನಿಗೂ ಅವಸರ, ಗಾಡಿ ಮಾಲೀಕನಿಗೂ ಅವಸರ, ಕಾರ್ಖಾನೆಗೂ ಅವಸರ. ಆ ಅವಸರವೆಲ್ಲ ಸೇರಿ ಒಬ್ಬ ಹುಡುಗನ ಕೈಯಲ್ಲಿ ಬ್ಯಾಟರಿ ಇಲ್ಲದ ಟ್ರ್ಯಾಕ್ಟರ್ ಕೊಟ್ಟು ಕತ್ತಲಿಗೆ ಕಳಿಸಿತ್ತು. ಪಕ್ಕದ ತೋಟದ ಮನೆಯವರು ಮೊಬೈಲ್ ಬೆಳಕು ಹಿಡಿದು ನಿಂತರು. 108 ಬಂತು. ಗೆಳೆಯ ಬದುಕಿದ. ತೊಡೆಯಲ್ಲಿ ರಾಡ್ ಇದೆ. ಮಗ್ಗದ ಕೆಲಸ ದಿನವಿಡೀ ನಿಂತು ಮಾಡುವಂಥದ್ದು. ಎಂಟು ತಿಂಗಳು ಅವನು ನಿಲ್ಲಲಾಗಲಿಲ್ಲ.

ಮರುದಿನ ಮನೆಗೆ ಬಂದು ನಮ್ಮ ಟ್ರೇಲರ್‌ಗಳ ಹಿಂದೆ ಹೋಗಿ ನಿಂತೆ. ಅವಕ್ಕೂ ಏನೂ ಇರಲಿಲ್ಲ. ಎಷ್ಟೋ ಹಂಗಾಮು ಅವು ಹಾಗೆಯೇ ಓಡಾಡಿದ್ದವು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸಾಹೇಬರೇ, ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಮಾಸ್ತರು ಹಾಕಿಕೊಟ್ಟದ್ದು. ಗಂಟೆಗೆ 60 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಮುಂದೆ ಏನೋ ಇದೆ ಅಂತ ಕಣ್ಣಿಗೆ ಬಿದ್ದು, ಅದು ತಲೆಗೆ ಹೋಗಿ, ಕೈ ಬ್ರೇಕ್ ಹಿಡಿಯಲು ಒಂದೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ 25 ಮೀಟರ್ ಹೋಯಿತು. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಒಳ್ಳೆಯ ರಸ್ತೆಯಲ್ಲೂ ಇನ್ನೊಂದು 25 ಮೀಟರ್ ಹತ್ತಿರ ಬೇಕು. ಒಟ್ಟು 50. ಡಿಮ್ ಬೆಳಕು ಬೀಳುವುದೇ ಹೆಚ್ಚಂದ್ರೆ 40-50 ಮೀಟರ್. ರವದಿ (ಕಬ್ಬಿನ ಒಣ ಎಲೆ) ಮೆತ್ತಿದ ಕಬ್ಬಿನ ರಾಶಿ ಆ ಬೆಳಕನ್ನೂ ನುಂಗುತ್ತದೆ. ಇನ್ನು ಗಾಡಿಯ ಗಾಲಿಯಿಂದ ಉದುರಿದ ಎರೆಮಣ್ಣು ರಸ್ತೆ ಮೇಲೆ ಹಸಿ ಇದ್ದರೆ ಈ ಲೆಕ್ಕವೂ ನಡೆಯುವುದಿಲ್ಲ. 60ರ ವೇಗ ಜಾಸ್ತಿ ಏನಲ್ಲ, ಅಲ್ವಾ? ಬಸ್ಸು ಅದಕ್ಕಿಂತ ಜೋರು ಹೋಗುತ್ತದೆ.

ಅದೇ ಟ್ರೇಲರಿನ ಹಿಂದೆ ಒಂದು ಕೆಂಪು ರಿಫ್ಲೆಕ್ಟರ್ ಪಟ್ಟಿ ಇದ್ದರೆ 150 ಮೀಟರ್ ಆಚೆಯಿಂದಲೇ ಕಾಣುತ್ತದೆ. ಅದಕ್ಕೆ ಬ್ಯಾಟರಿ ಬೇಡ, ವೈರ್ ಬೇಡ. ನಮ್ಮ ಹೆಡ್‌ಲೈಟಿನ ಬೆಳಕನ್ನೇ ತಿರುಗಿ ನಮ್ಮ ಕಣ್ಣಿಗೆ ಕಳಿಸುತ್ತದೆ. ಅಚ್ಚು ಮುರಿದು ನಿಂತರೂ, ಡ್ರೈವರ್ ಚಹಾ ಕುಡಿಯಲು ಹೋದರೂ ಅದು ಕೆಲಸ ಮಾಡುತ್ತಿರುತ್ತದೆ.

ಕಾನೂನು ಇಲ್ಲ ಅಂತಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು ಬಂದದ್ದು 1989ರಲ್ಲಿ. ಅದರ 104ನೇ ನಿಯಮ ರಿಫ್ಲೆಕ್ಟರ್ ಬಗ್ಗೆಯೇ ಇದೆ. ಅಪಾಯ ಆಗುವ ಹಾಗೆ ರಸ್ತೆಯಲ್ಲಿ ಗಾಡಿ ಬಿಟ್ಟು ಹೋಗಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಹೇಳುತ್ತದೆ. ಬೈಕಿನವರ ಮೇಲೂ ಕಾನೂನು ಕೆಲಸ ಮಾಡಿದೆ. 2017ರಿಂದ ಹೊಸ ಬೈಕುಗಳಲ್ಲಿ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ. ನಾವು ಬೇರೆಯವರಿಗೆ ಕಾಣಲಿ ಅಂತ ಹಗಲಲ್ಲೂ ಅದು ಉರಿಯುತ್ತದೆ. 2019ರಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ, ಬ್ರೇಕ್ ಹಿಡಿದಾಗ ಗಾಲಿ ಜಾಮ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯ. ಬಹಳ ಒಳ್ಳೆಯದಾಯಿತು. ಆದರೂ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ನೂರಕ್ಕೆ 44ರಷ್ಟು ಮಂದಿ ದ್ವಿಚಕ್ರ ವಾಹನದವರು. ನಾವು ಕಾಣುವ ಹಾಗೆ ಆದೆವು. ನಮ್ಮ ಮುಂದೆ ನಿಂತದ್ದು ಇನ್ನೂ ಕಾಣುತ್ತಿಲ್ಲ.

ಹಂಗಾಮಿನ ಶುರುವಿನಲ್ಲಿ ಪೊಲೀಸರು ಕೆಲವು ಕಡೆ ಟ್ರೇಲರ್‌ಗಳಿಗೆ ರಿಫ್ಲೆಕ್ಟರ್ ಅಂಟಿಸುತ್ತಾರೆ. ನಾನೇ ನೋಡಿದ್ದೇನೆ. ಅವರಿಗೆ ಕೈಮುಗಿಯುತ್ತೇನೆ. ಆದರೆ ಒಂದು ತೊಡಕಿದೆ. ಪಟ್ಟಿ ಅಂಟಿಸುವುದು ಖಾಲಿ ಟ್ರೇಲರಿನ ಹಿಂದಿನ ಹಲಗೆಗೆ. ಕಬ್ಬು ಹೇರಿದ ಮೇಲೆ ಅದರ ತುದಿಗಳು ಹಿಂದಕ್ಕೆ ಚಾಚಿ, ಜೋತು ಬಿದ್ದು, ಹಲಗೆಯನ್ನು ಪೂರ್ತಿ ಮುಚ್ಚುತ್ತವೆ. ಟ್ರೇಲರ್ ತುಂಬಿದಾಗ, ಅಂದ್ರೆ ಅದು ನಿಧಾನವಾಗಿ ಹೋಗುವಾಗ, ಪಟ್ಟಿ ಕಾಣುವುದಿಲ್ಲ. ನಾಲ್ಕು ಟ್ರಿಪ್ ಆದ ಮೇಲೆ ಕೆಸರು ಮೆತ್ತಿ ಖಾಲಿ ಇದ್ದಾಗಲೂ ಕಾಣುವುದಿಲ್ಲ.

ಇದಕ್ಕೆ ಉಪಾಯ ಹುಡುಕಿದವನು ನಮ್ಮ ಮಗ್ಗದ ಗೆಳೆಯ. ಮಂಚದ ಮೇಲೆ ಮಲಗಿದ್ದಾಗ ಅವನು ಇದನ್ನೇ ಯೋಚಿಸುತ್ತಿದ್ದ. ತಾಡಪತ್ರಿಯ ಬಟ್ಟೆ ಆರು ಅಡಿ ಉದ್ದ, ಒಂದು ಗೇಣು ಅಗಲ ಕತ್ತರಿಸಿದ. ಅದರ ಮೇಲೆ ಕೆಂಪು ರಿಫ್ಲೆಕ್ಟರ್ ಟೇಪನ್ನು ಹೊಲಿಸಿದ. ಎರಡೂ ತುದಿಗೆ ಹಗ್ಗ. ಕಬ್ಬು ಹೇರಿ ಬಿಗಿದ ಮೇಲೆ, ಬಿಗಿದ ಹಗ್ಗಕ್ಕೇ ಈ ಪಟ್ಟಿಯನ್ನು ಹಿಂದೆ ಅಡ್ಡಕ್ಕೆ ಕಟ್ಟಿಬಿಡುವುದು. ಕಬ್ಬಿನ ಮೇಲೆಯೇ ಕೂರುತ್ತದೆ, ಮುಚ್ಚಿಕೊಳ್ಳುವ ಮಾತಿಲ್ಲ. ಕೆಸರಾದರೆ ಬಿಚ್ಚಿ ಕಾಲುವೆಯಲ್ಲಿ ತೊಳೆಯಬಹುದು. ಹೋದ ಹಂಗಾಮಿನಲ್ಲಿ ನಮ್ಮ ಗಾಡಿಗಳಿಗೂ ಪಕ್ಕದ ಮೂರು ಮನೆಗಳ ಗಾಡಿಗಳಿಗೂ ಕಟ್ಟಿದೆವು. ಇಡೀ ಹಂಗಾಮು ತಡೆದವು. ಒಂದು ಪಟ್ಟಿಗೆ ಆದ ಖರ್ಚು ಒಂದು ಟನ್ ಕಬ್ಬಿನ ಬಿಲ್ಲಿಗಿಂತ ಎಷ್ಟೋ ಕಡಿಮೆ.

ಈಗ ನನ್ನ ಬೇಡಿಕೆ. ಇಂಥ ಗಾಡಿಗಳನ್ನು ಹುಡುಕಿಕೊಂಡು ರಾತ್ರಿ ರಸ್ತೆ ರಸ್ತೆ ಅಲೆಯುವ ಕೆಲಸ ಪೊಲೀಸರಿಗೆ ಬೇಡ. ಪ್ರತಿಯೊಂದು ಕಬ್ಬಿನ ಗಾಡಿಯೂ ಕಾರ್ಖಾನೆಯ ಗೇಟಿಗೆ ಬಂದೇ ಬರುತ್ತದೆ. ಟೋಕನ್ ತೆಗೆದುಕೊಳ್ಳುತ್ತದೆ, ಸಾಲಿನಲ್ಲಿ ನಿಲ್ಲುತ್ತದೆ, ಗಾಡಿ ತೂಗುವ ಕಾಟಾ ಮೇಲೆ ಹತ್ತುತ್ತದೆ, ಖಾಲಿಯಾಗಿ ಇನ್ನೊಮ್ಮೆ ಕಾಟಾ ಹತ್ತಿ ಹೊರಗೆ ಹೋಗುತ್ತದೆ. ಕಬ್ಬಿನ ಒಂದು ಕಿಲೋ ತೂಕವೂ ಅಲ್ಲಿ ಬರೆದಿಡಲಾಗುತ್ತದೆ. ಅದೇ ಜಾಗದಲ್ಲಿ ಹಿಂದಿನ ಪಟ್ಟಿಯನ್ನೂ ಒಮ್ಮೆ ನೋಡಲಿ. ತಾವು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರು. ಹಂಗಾಮು ಶುರುವಾಗುವ ಮುಂಚೆ ಕಾರ್ಖಾನೆಗಳವರನ್ನು ಕರೆದು ಮಾತಾಡುತ್ತೀರಿ. ಆ ಸಭೆಯಲ್ಲಿ ಇದೊಂದು ಮಾತು ಬರಲಿ: ಹಿಂದೆ ಪಟ್ಟಿ ಇಲ್ಲದ ಟ್ರೇಲರ್ ಗೇಟಿನಿಂದ ಹೊರಗೆ ಹೋಗಬಾರದು.

ತುಂಬಿ ಬಂದ ಗಾಡಿಯನ್ನು ಮಾತ್ರ ದಯವಿಟ್ಟು ವಾಪಸ್ ಕಳಿಸಬೇಡಿ. ಅದರಿಂದ ರೈತನ ಕಬ್ಬು ಒಣಗುತ್ತದೆ. ತಪ್ಪು ಅವನದಲ್ಲ. ಗಾಡಿ ಖಾಲಿಯಾಗಿ ಹೊರಡುವಾಗ ಡ್ರೈವರ್ ಕೈಗೆ ಪಟ್ಟಿ ಕೊಡಲಿ, ಅದರ ದುಡ್ಡನ್ನು ಗಾಡಿ ಮಾಲೀಕನ ಸಾಗಾಣಿಕೆ ಬಿಲ್ಲಿನಲ್ಲಿ ಹಿಡಿಯಲಿ. ನಾನೂ ಗಾಡಿ ಮಾಲೀಕ. ನನ್ನ ಬಿಲ್ಲಿನಲ್ಲಿ ಮೊದಲು ಹಿಡಿಯಿರಿ. ಎತ್ತಿನ ಗಾಡಿಗಳಿಗೂ ಕೊಡಿ. ದೂರದ ಊರುಗಳಿಂದ ಬಂದ ಕಬ್ಬು ಕಡಿಯುವ ಗ್ಯಾಂಗಿನವರು ಮಕ್ಕಳನ್ನು ಕಬ್ಬಿನ ಮೇಲೆ ಕೂರಿಸಿಕೊಂಡು ರಾತ್ರಿ ಹೋಗುವುದನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮ ಭಾಗದ ರೈತರಿಗೆ ಇಂಥದ್ದು ಹೇಳಿದರೆ ಕೇಳುವುದಿಲ್ಲ ಅಂತ ಯಾರಾದರೂ ತಮಗೆ ಹೇಳಬಹುದು. ನಂಬಬೇಡಿ. ವಿಜಯಪುರದಿಂದ ಬರುವಾಗ ಚಿಕ್ಕಪಡಸಲಗಿ ಹತ್ತಿರ ಕೃಷ್ಣೆಗೆ ಅಡ್ಡಲಾಗಿ ಒಂದು ಬ್ಯಾರೇಜ್ ಇದೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಹಣ ಹಾಕಿ, ಮೈ ಮುರಿದು ದುಡಿದು ಕಟ್ಟಿದ್ದು. ನಾವು ಪ್ರತಿ ಸವಾರಿಯಲ್ಲೂ ಅಲ್ಲಿ ಐದು ನಿಮಿಷ ಬೈಕು ನಿಲ್ಲಿಸುತ್ತೇವೆ. ನದಿಗೇ ಅಡ್ಡ ಕಟ್ಟಿದ ಜನಕ್ಕೆ ಟ್ರೇಲರಿಗೆ ಒಂದು ಪಟ್ಟಿ ಕಟ್ಟುವುದು ಭಾರವೇ? ಆ ನ್ಯಾಮಗೌಡರು 2018ರ ಮೇ ತಿಂಗಳಲ್ಲಿ ತುಳಸಿಗೇರಿ ಹತ್ತಿರ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಇಂಥವರನ್ನೂ ರಸ್ತೆ ಬಿಡಲಿಲ್ಲ.

ಇನ್ನು ರೋಡ್ ಹಂಪುಗಳ ಬಗ್ಗೆ ಒಂದು ಮಾತು. ನಮ್ಮ ಹಳ್ಳಿಗಳಲ್ಲಿ ಯಾರೋ ಮಗು ಗಾಡಿಗೆ ಸಿಕ್ಕ ಮೇಲೆ, ಆ ದುಃಖದಲ್ಲಿ, ಊರವರೇ ರಾತ್ರೋರಾತ್ರಿ ಹಂಪು ಹಾಕಿಬಿಡುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಚೂಪಾಗಿ, ಎತ್ತರವಾಗಿ, ಬಣ್ಣವಿಲ್ಲದೆ ಇರುವ ಹಂಪು ಇನ್ನೊಬ್ಬರ ಮಗುವನ್ನು ಬೈಕಿನ ಹಿಂದಿನ ಸೀಟಿನಿಂದ ಎಸೆಯುತ್ತದೆ. ರಸ್ತೆಗಳಿಗೆ ಅಳತೆ-ಮಾನದಂಡ ಗೊತ್ತುಮಾಡುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಅದನ್ನು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟಬಹುದು. 40 ಮೀಟರ್ ಮೊದಲೇ ಫಲಕ ಇರಬೇಕು, ಮೇಲೆ ಬಣ್ಣದ ಪಟ್ಟೆ ಇರಬೇಕು. ಎಲ್ಲ ಹಂಪು ಒಡೆದು ಹೊಸದಾಗಿ ಹಾಕಿ ಅಂತ ಈಗಲೇ ಕೇಳುತ್ತಿಲ್ಲ. ಹಂಗಾಮಿಗೆ ಮುಂಚೆ ಬಣ್ಣವಾದರೂ ಬಳಿಸಿ. ಹಾಗೆಯೇ ಕೆಟ್ಟು ನಿಂತ ಗಾಡಿಯ ಹಿಂದೆ ಕಲ್ಲು ಇಡುವುದನ್ನು ನಿಲ್ಲಿಸಿ. ಗಾಡಿ ರಿಪೇರಿಯಾಗಿ ಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ಆಮೇಲೆ ಬರುವವನಿಗೆ ಅದು ಯಾಕಿದೆ ಅಂತಲೂ ಗೊತ್ತಿರುವುದಿಲ್ಲ.

ಆ ಅಪಘಾತದ ನಂತರ ನಾವು ಒಂದು ನಿಯಮ ಮಾಡಿಕೊಂಡಿದ್ದೇವೆ. ಕಬ್ಬಿನ ಹಂಗಾಮಿನಲ್ಲಿ ಸಂಜೆ ಆರರ ಮೇಲೆ ಸವಾರಿ ಇಲ್ಲ. ಎಲ್ಲಿದ್ದೇವೋ ಅಲ್ಲೇ ನಿಲ್ಲುತ್ತೇವೆ. ನಮ್ಮದು ಹವ್ಯಾಸ, ನಿಲ್ಲಿಸಬಹುದು. ಆದರೆ ಬೆಳಗಿನ ಜಾವ ನಾಲ್ಕಕ್ಕೆ ಕ್ಯಾನ್ ಕಟ್ಟಿಕೊಂಡು ಡೈರಿಗೆ ಹೋಗುವವನು ನಿಲ್ಲಿಸಲಾರ. ರಾತ್ರಿ ಪಾಳಿ ಮುಗಿಸಿ ಸ್ಕೂಟಿಯಲ್ಲಿ ಬರುವ ನರ್ಸಮ್ಮ ನಿಲ್ಲಿಸಲಾರರು. ಬಸುರಿ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ತಾಲೂಕು ಆಸ್ಪತ್ರೆಗೆ ಹೊರಟವನು ಕತ್ತಲಾಯಿತು ಅಂತ ದಾರಿಯಲ್ಲಿ ಕೂರಲಾರ. ಏಳು ಜನ ಸವಾರರಿಗೋಸ್ಕರ ಮಾತ್ರ ಆಗಿದ್ದರೆ ನಾನು ತಮ್ಮ ಸಮಯ ಹಾಳು ಮಾಡುತ್ತಿರಲಿಲ್ಲ.

ನಾವು ಸುಮ್ನೆ ಪತ್ರ ಬರೆದು ಕೂರುವುದಿಲ್ಲ. ದೀಪಾವಳಿ ಮುಗಿದ ಮೇಲಿನ ಭಾನುವಾರಗಳಲ್ಲಿ ಏಳೂ ಜನ ಬಿಡುವು ಮಾಡಿಕೊಂಡಿದ್ದೇವೆ. ಮೂರು ಜಿಲ್ಲೆಗಳಲ್ಲಿ ಯಾವ ಕಾರ್ಖಾನೆಯ ಗೇಟಿಗೆ ಬನ್ನಿ ಅಂದರೂ ಬರುತ್ತೇವೆ. ಪಟ್ಟಿ ಹೊಲಿಯುವುದು ಹೇಗೆ, ಕಟ್ಟುವುದು ಹೇಗೆ ಅಂತ ತೋರಿಸಿಕೊಡುತ್ತೇವೆ. ಮೊದಲ 200 ಪಟ್ಟಿಗಳ ಬಟ್ಟೆ ನಮ್ಮ ಗೆಳೆಯನೇ ಕೊಡುತ್ತಾನೆ. ಟೇಪಿನ ದುಡ್ಡು ಉಳಿದ ಆರು ಜನರದ್ದು.

ಸಂಕ್ರಮಣಕ್ಕೆ ಕೂಡಲಸಂಗಮಕ್ಕೆ ಹೋಗಿ ಹೊಳೆಯಲ್ಲಿ ಮುಳುಗಿ ಬರುವುದು ನಮ್ಮ ಗುಂಪಿನ ಹಳೆಯ ರೂಢಿ. ಎರಡು ವರ್ಷದಿಂದ ಮಗ್ಗದ ಗೆಳೆಯ ಬಂದಿಲ್ಲ. ಈ ಸಲ ಬರುತ್ತೇನೆ ಅಂದಿದ್ದಾನೆ. ಬೈಕು ಓಡಿಸುವ ಧೈರ್ಯ ಇನ್ನೂ ಇಲ್ಲ, ನನ್ನ ಹಿಂದೆ ಕೂರುತ್ತಾನಂತೆ. ಅವನ ಹೆಂಡತಿ ನನ್ನನ್ನು ಕರೆದು ಒಂದೇ ಮಾತು ಕೇಳಿದರು, "ಅಣ್ಣಾ, ಬರೂದ್ರಾಗ ಕತ್ತಲಾಗತೈತೇನ್ರಿ?" ಹಗಲು ಹೊತ್ತಿನಲ್ಲೇ ವಾಪಸ್ ಬರುತ್ತೇವೆ ಅಂತ ಹೇಳಿದೆ. ಜನವರಿಯಲ್ಲಿ ಬೇಗ ಕತ್ತಲಾಗುತ್ತದೆ ಸಾಹೇಬರೇ.

ತಮ್ಮ ಉತ್ತರದ ದಾರಿ ಕಾಯುತ್ತಿರುವ,
ಮುಧೋಳ ತಾಲೂಕಿನ ಒಬ್ಬ ಕಬ್ಬು ಬೆಳೆಗಾರ, ಬೈಕ್ ಸವಾರ